ಷಡ್ಡಕನ ಗಳ, ಗಿರಣಿಯ ಗಾಜು

ಎಂಬತ್ತರ ದಶಕದ ನಡುವಿನ ವರ್ಷಗಳಲ್ಲಿ ನಾನು ಅಣ್ಣಿಗೇರಿಯ ಹೊರಗಿದ್ದ ಒಂದು ಹತ್ತಿ ಗಿರಣಿಯಲ್ಲಿ ಫಿಟರ್ ಆಗಿದ್ದೆ. ಹತ್ತಿಯಿಂದ ಬೀಜ ಬಿಡಿಸುವ ಯಂತ್ರಗಳು ಸಾಲಾಗಿ ನಿಂತಿದ್ದ ಉದ್ದನೆಯ ಕಟ್ಟಡ ಅದು. ಗೋಡೆಯ ತುದಿಯಲ್ಲಿ, ಮೂರಾಳು ಎತ್ತರದಲ್ಲಿ, ಹದಿನಾಲ್ಕು ಗಾಜಿನ ಕಿಟಕಿಗಳಿದ್ದವು. ಬೆಂಕಿಯ ಭಯಕ್ಕೆ ಒಳಗೆ ದೀಪ ಕಡಿಮೆ. ಅರಳೆ ಬೆಳ್ಳಗಿದೆಯೋ ಮಾಸಿದೆಯೋ ಎಂದು ನೋಡಲು ಆ ಕಿಟಕಿಗಳ ಬೆಳಕೇ ಬೇಕು. ವರ್ಷವಿಡೀ ಎರೆಹೊಲದ ಧೂಳು ಕೂತು ಗಾಜು ಹೊರಗಡೆಯಿಂದ ಕುರುಡಾಗಿರುತ್ತಿತ್ತು. ಹಂಗಾಮು ಶುರುವಾಗುವ ಮೊದಲು ಅದನ್ನು ತೊಳೆಯುವವನು ನಾನೊಬ್ಬನೇ.

ಅದು ಫಿಟರನ ಕೆಲಸವಲ್ಲ. ಆದರೆ ನಿಚ್ಚಣಿಕೆಯ ಕೊನೆಯ ಮೆಟ್ಟಿಲ ಮೇಲೆ ನಿಂತು, ಒಂದು ಕೈಯಲ್ಲಿ ಚೌಕಟ್ಟು ಹಿಡಿದು ಇನ್ನೊಂದು ಕೈಯಲ್ಲಿ ಗಾಜು ಒರೆಸುವ ಧೈರ್ಯ ಬೇರೆ ಯಾರಿಗೂ ಇರಲಿಲ್ಲ. ಹತ್ತಿ ಆರಿಸುವ ಹೆಂಗಸರು ಕೆಳಗೆ ನಿಂತು, "ಯಪ್ಪಾ, ಹುಷಾರಿ ಮಾರಾಯಾ" ಎನ್ನುತ್ತಿದ್ದರು. ಆ ಮಾತು ಕೇಳುವುದಕ್ಕೆಂದೇ ನಾನು ಬೇಕಂತಲೇ ಸ್ವಲ್ಪ ವಾಲುತ್ತಿದ್ದೆ.

ಆ ವರ್ಷ ನನ್ನ ಷಡ್ಡಕ ಗಿರಣಿಗೆ ಬಂದ. ಕುಬಿಹಾಳದವನು, ನನ್ನ ಹೆಂಡತಿಯ ತಂಗಿಯ ಗಂಡ, ನನಗಿಂತ ಆರು ವರ್ಷ ಚಿಕ್ಕವನು. ಅವನನ್ನು ಕೆಲಸಕ್ಕೆ ಸೇರಿಸಿ, ನಮ್ಮ ಓಣಿಯ ಹತ್ತಿರ ಮನೆ ಹಿಡಿಸಿಕೊಟ್ಟವನೂ ನಾನೇ. ಅವನು ಮೆಣಸಿನಕಾಯಿ, ಹತ್ತಿ ಹೊಲಗಳಿಗೆ ಔಷಧ ಹೊಡೆಯುವ ಪಂಪು ರಿಪೇರಿ ಮಾಡುವುದರಲ್ಲಿ ಜಾಣ. ಮಾವನ ಮನೆಯಲ್ಲಿ ಹೋಳಿಗೆಯ ಮೇಲೆ ತುಪ್ಪ ಮೊದಲು ಬೀಳುತ್ತಿದ್ದದ್ದು ಅವನ ಎಲೆಗೆ. ನಾನು ಅದನ್ನು ಗಮನಿಸಿಲ್ಲ ಎಂಬಂತೆ ಊಟ ಮಾಡುತ್ತಿದ್ದೆ.

ಗಾಜು ತೊಳೆಯುವ ದಿನ ನಾನು ನಿಚ್ಚಣಿಕೆ ಹೊರತೆಗೆಯುವಷ್ಟರಲ್ಲಿ ಅವನು ಅಂಗಳಕ್ಕೆ ಒಂದು ಗಳ ತಂದು ಇಟ್ಟಿದ್ದ. ತಂಬೂರ ಊರ ಕಡೆಯಿಂದ ತರಿಸಿದ ಹಗುರ ಬಿದಿರು. ಅದರ ತುದಿಗೆ ಸುಣ್ಣ ಬಳಿಯುವ ಅಗಲ ಕುಂಚ. ಬಿದಿರಿನ ಉದ್ದಕ್ಕೂ ರಬ್ಬರ್ ಪೈಪು ಕಟ್ಟಿ, ಅದರ ಬಾಯಿಯನ್ನು ಕುಂಚದ ನಡುವೆ ಬರುವಂತೆ ಮಾಡಿದ್ದ. ಪೈಪಿನ ಇನ್ನೊಂದು ತುದಿ ಕಾಲಿನಿಂದ ತುಳಿಯುವ ಔಷಧದ ಪಂಪಿಗೆ. ಪಂಪು ಹೊಸದು, ಔಷಧ ಮುಟ್ಟಿದ್ದಲ್ಲ. ಒಬ್ಬ ತುಳಿದರೆ ಬಕೆಟ್ಟಿನ ನೀರು ಕುಂಚದ ತುದಿಗೆ ಏರಬೇಕು, ಇನ್ನೊಬ್ಬ ನೆಲದ ಮೇಲೇ ನಿಂತು ಗಾಜು ತಿಕ್ಕಬೇಕು.

"ಅಣ್ಣಾ, ನೀವು ಅಷ್ಟ ಎತ್ತರ ಹತ್ತೂದು ನೋಡಾಕ ಆಗಂಗಿಲ್ರಿ ನನಗ," ಅಂದ. "ಕೆಳಗ ನಿಂತ ತೊಳಿಯೂಣು."

ಅವನ ಮಾತಿನಲ್ಲಿ ಕಪಟವಿರಲಿಲ್ಲ ಎಂದು ಈಗ ಗೊತ್ತು. ಆವತ್ತು ನನಗೆ ಕೇಳಿಸಿದ್ದು, ನಿನಗೆ ವಯಸ್ಸಾಯಿತು ಎಂಬಂತೆ.

ಗಿರಣಿಯ ಮಾಲೀಕ ಸಾವಕಾರರು ಬಂದು ಗಳವನ್ನು ಎತ್ತಿ ನೋಡಿದರು. "ಭಾರೀ ತಲಿ ಐತಲ್ಲೋ ಹುಡುಗಂದು!" ಎಂದು ನನ್ನ ಕಡೆ ತಿರುಗಿ, "ಇನ್ನ ನಿಚ್ಚಣಿಕಿ ಬ್ಯಾಡಪಾ. ನೀ ಪಂಪ್ ತುಳಿ," ಅಂದರು.

ನಾನು ಪಂಪು ತುಳಿಯತೊಡಗಿದೆ. ಅವನು ತಲೆ ಎತ್ತಿ ಗಾಜು ನೋಡುತ್ತಿದ್ದ, ನಾನು ತಲೆ ತಗ್ಗಿಸಿ ಬಕೆಟ್ಟು ನೋಡುತ್ತಿದ್ದೆ. ನೀರು ಕುಂಚದಿಂದ ಜರ್ರನೆ ಸುರಿದು, ಎರೆಮಣ್ಣು ಕರಗಿ ಗೋಡೆಯ ಮೇಲೆ ಕಪ್ಪಗೆ ಇಳಿಯಿತು. ಹೆಂಗಸರು ನೋಡಲು ಬಂದರು. ಈ ಸಲ ಯಾರೂ ಹುಷಾರು ಅನ್ನಲಿಲ್ಲ, ಚಪ್ಪಾಳೆ ಹೊಡೆದರು. "ಅಣ್ಣಾ, ಜೋರ್ ತುಳೀರಿ!" ಎಂದು ಅವನು ಕೂಗಿದಾಗಲೆಲ್ಲ ನನ್ನ ಎದೆಯಲ್ಲಿ ಏನೋ ಚುರುಕ್ ಅನ್ನುತ್ತಿತ್ತು.

ಒಂದು ಸಂಗತಿ ನನಗೆ ಗೊತ್ತಿತ್ತು, ಅವನಿಗೆ ಗೊತ್ತಿರಲಿಲ್ಲ. ಗಿರಣಿಯ ಬಾವಿಯ ನೀರು ಸವಳು. ಅದು ಗಾಜಿನ ಮೇಲೆ ಹಾಗೇ ಆರಿದರೆ ಉಪ್ಪಿನಂಥ ಬಿಳಿ ಕಲೆ ಕೂರುತ್ತದೆ. ನಿಚ್ಚಣಿಕೆಯ ಮೇಲಿದ್ದಾಗ ನಾನು ತೊಳೆದ ಕೂಡಲೇ ಒಣ ಬಟ್ಟೆಯಿಂದ ಒರೆಸಿಬಿಡುತ್ತಿದ್ದೆ. ಗಳದ ತುದಿಯಿಂದ ಒರೆಸುವುದು ಹೇಗೆ? ಹೇಳಬೇಕೆಂದು ಒಮ್ಮೆ ಬಾಯಿ ತೆರೆದೆ. ಅಷ್ಟರಲ್ಲಿ ಒಬ್ಬಾಕೆ, "ಇಷ್ಟ ವರ್ಷ ಇದು ಯಾರಿಗೂ ಹೊಳೀಲಿಲ್ಲ ನೋಡ!" ಅಂದಳು. ಬಾಯಿ ಮುಚ್ಚಿದೆ. ಹದಿನಾಲ್ಕೂ ಕಿಟಕಿ ಮುಗಿಯುವವರೆಗೆ ಆ ಸವಳು ನೀರನ್ನು ನನ್ನ ಕಾಲೇ ಮೇಲಕ್ಕೆ ಕಳಿಸಿತು.

ಮಧ್ಯಾಹ್ನದ ಬಿಸಿಲಿಗೆ ಗಾಜು ಆರಿತು. ಕಿಟಕಿಗಳ ತುಂಬ ಬಿಳಿ ಬಿಳಿ ಪಟ್ಟೆ, ಹನಿ ಹನಿಯ ಗುರುತು. ಒಳಗೆ ಮೊದಲಿಗಿಂತ ಮಬ್ಬು. ಸಾವಕಾರರು ಎಲ್ಲರೆದುರಿಗೆ, "ಆಟ ಹಚ್ಚೀಯೇನು? ಹತ್ತಿ ಬರೂ ಹೊತ್ತಿಗೆ ಇದೇನ ಮಾಡಿಟ್ಟೀ?" ಎಂದು ಅವನನ್ನು ಬೈದರು. ಅವನ ಮುಖ ಕಪ್ಪಿಟ್ಟಿತು. ನನಗೆ ಖುಷಿಯಾಯಿತು. ಸುಳ್ಳು ಹೇಳಿ ಪ್ರಯೋಜನವಿಲ್ಲ, ಒಳಗೊಳಗೇ ಚೆನ್ನಾಗಿ ಖುಷಿಯಾಯಿತು.

ಸಾವಕಾರರು ಹೋದ ಮೇಲೆ ಅವನು ಹತ್ತಿರ ಬಂದು ಕೇಳಿದ: "ಅಣ್ಣಾ, ಹಿಂಗ್ಯಾಕಾತ್ರಿ ಇದು?"

"ನನಗೇನ ಗೊತ್ತೋ ತಮ್ಮಾ," ಅಂದೆ.

ಸಂಜೆ ಮನೆಗೆ ಬಂದು ಹೆಂಡತಿಗೆ ನಗುನಗುತ್ತ ಎಲ್ಲ ಹೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

"ಬಾವಿ ನೀರ ಕಲಿ ಬೀಳತೈತಿ ಅಂತ ವರ್ಷಾ ವರ್ಷಾ ನೀವ ಹೇಳತಿದ್ರಲ್ಲ?"

ನಾನು ನೀರು ಕುಡಿಯಲು ಚೆಂಬು ಎತ್ತಿದೆ.

"ಗೊತ್ತಿದ್ದೂ ಸುಮ್ನ ತುಳದ್ರಿ," ಅಂದಳು. ಪ್ರಶ್ನೆಯಾಗಿ ಕೇಳಲಿಲ್ಲ. ಕೈ ತೊಳೆದು, ಸೆರಗು ಹೊದ್ದು, ಎರಡು ಓಣಿ ದಾಟಿ ತಂಗಿಯ ಮನೆಗೆ ಹೋದಳು. ಆ ದಿನದ ರೊಟ್ಟಿಯನ್ನು ಮಗಳು ಸುಟ್ಟಳು, ಅರ್ಧ ಕರಕಾಗಿತ್ತು.

ಮರುದಿನ ಅವನು ಬಾವಿ ನೀರಿನಿಂದಲೇ ತಿಕ್ಕಿ ಕಲೆಗಳನ್ನು ಮತ್ತೆ ಒದ್ದೆ ಮಾಡಿದ. ಆರುವ ಮೊದಲೇ ಕೊನೆಯ ತೊಳೆತಕ್ಕೆ ಕೆರೆಯ ನೀರು ಬೇಕು ಅಂದ. ಮಳೆಯ ನೀರು ನಿಂತ ಕೆರೆ ಅದು, ಸಿಹಿ; ಗಾಜಿನ ಮೇಲೆ ಕಲೆ ಬಿಡುವುದಿಲ್ಲ. ಆದರೆ ಊರಿಗೆಲ್ಲ ಕುಡಿಯಲು ಅದೇ ನೀರು. ಅದನ್ನು ಗೋಡೆಗೆ ಚೆಲ್ಲಿದರೆ ಜನ ಬಿಟ್ಟಾರೆಯೇ? ನಾನು ಅದನ್ನೇ ಹೇಳಬೇಕೆಂದಿದ್ದೆ. ಅಷ್ಟರಲ್ಲಿ ಗಿರಣಿಯ ಗೇಟಿನಲ್ಲಿ ಅಕ್ಕತಂಗಿಯರು ಕಾಣಿಸಿಕೊಂಡರು. ಇಬ್ಬರ ತಲೆಯ ಮೇಲೂ ಒಂದೊಂದು ಕೊಡ. ತಮ್ಮ ತಮ್ಮ ಮನೆಯ ಕುಡಿಯುವ ನೀರನ್ನು ಹೊತ್ತು ತಂದಿದ್ದರು.

ನನ್ನ ಮನೆಯ ಕೊಡ, ನನ್ನ ಹೆಂಡತಿಯ ತಲೆಯ ಮೇಲೆ, ಅವನ ಕೆಲಸಕ್ಕೆ. ಹಿಂದಿನ ದಿನದ ಚಪ್ಪಾಳೆಗಿಂತ ಹತ್ತು ಪಟ್ಟು ಹೊಟ್ಟೆ ಉರಿಯಿತು. ಆಕೆ ನನ್ನ ಮುಂದೆಯೇ ಕೊಡ ಇಳಿಸಿ, "ತುಳೀರಿ," ಅಂದಳು.

ತುಳಿದೆ. ಪ್ರತಿ ಕಿಟಕಿಗೆ ಲೆಕ್ಕ ಹಾಕಿ ಸ್ವಲ್ಪವೇ ನೀರು ಬಿಟ್ಟ ಅವನು. ಆರಿದ ಮೇಲೆ ಗಾಜು ಇದೆಯೋ ಇಲ್ಲವೋ ಎಂಬಂತೆ ಕಂಡಿತು. ನಾನು ಬಟ್ಟೆಯಿಂದ ಒರೆಸಿದಾಗ ಯಾವತ್ತೂ ಅಷ್ಟು ತಿಳಿಯಾಗಿರಲಿಲ್ಲ. ಬಾಯಿಬಿಟ್ಟು ಒಪ್ಪಿಕೊಳ್ಳಲು ಆಗದಿದ್ದರೂ ಕಣ್ಣು ಒಪ್ಪಿಕೊಂಡಿತ್ತು.

ಕೊನೆಯ ಕಿಟಕಿಗೆ ಬಂದಾಗ ಅವನು ಗಳವನ್ನು ನನ್ನ ಕೈಗೆ ಕೊಟ್ಟ. "ಇದೊಂದ ನೀವ ತೊಳೀರಿ ಅಣ್ಣಾ. ನಾ ತುಳೀತೇನಿ."

ನೋಡಿದಷ್ಟು ಸುಲಭವಿರಲಿಲ್ಲ. ಗಳ ಮೇಲೆ ಹೋದಂತೆ ಬಳುಕಿ ಬಳುಕಿ ಕುಂಚ ಗೋಡೆಗೇ ಬಡಿಯಿತು. ನೀರು ಬಿದಿರಿನಗುಂಟ ಇಳಿದು ನನ್ನ ಅಂಗಿಯ ತೋಳಿನೊಳಗೆ ನುಗ್ಗಿ ಬಗಲವರೆಗೆ ಬಂತು. ಹೆಂಗಸರು ಬಿದ್ದು ಬಿದ್ದು ನಕ್ಕರು. ಅವನು ನಗಲಿಲ್ಲ. ಪಂಪು ಬಿಟ್ಟು ಬಂದು ನನ್ನ ಕೈ ಕೆಳಗೆ ತಾನೂ ಗಳ ಹಿಡಿದ. ಹಾಗೆ ಇಬ್ಬರೂ ಮೇಲೆ ನೋಡುತ್ತ ನಿಂತಿದ್ದಾಗ ನನಗೆ ಅವನ ಮುಖ ಕಾಣುತ್ತಿರಲಿಲ್ಲ. ಅದರಿಂದ ಹೇಳುವುದು ಸುಲಭವಾಯಿತು.

"ನಿನ್ನಿ ನೀರಿಂದು ನನಗ ಗೊತ್ತಿತ್ತೋ."

ಅವನು ಕುಂಚವನ್ನು ಗಾಜಿನ ಮೂಲೆಗೆ ತಂದ.

"ಅಕ್ಕಾರ ನಿನ್ನೀನ ಹೇಳ್ಯಾರ್ರಿ," ಅಂದ. "ಎಡಕ್ಕ ಹಿಡೀರಿ, ಗಳ ವಾಲಾಕತ್ತೇತಿ."

ಅಷ್ಟೇ. ಕ್ಷಮಿಸಿದೆ ಎನ್ನಲಿಲ್ಲ, ನಾನೂ ಕೇಳಲಿಲ್ಲ. ಒಂದೆರಡು ತಿಂಗಳು ಅವನು ನನ್ನನ್ನು ಅಣ್ಣಾ ಎಂದು ಕರೆಯದೆ ಬರೀ 'ರೀ' ಅನ್ನುತ್ತಿದ್ದ. ಆಮೇಲೆ ಅದೂ ತಾನಾಗಿಯೇ ಸರಿಹೋಯಿತು.

ಎರಡು ವರ್ಷದ ನಂತರ ಅವನು ಗಿರಣಿ ಬಿಟ್ಟು ಕುಂದಗೋಳದಲ್ಲಿ ಪಂಪು ರಿಪೇರಿಯ ಸ್ವಂತ ಅಂಗಡಿ ಇಟ್ಟ. ಪೂಜೆಗೆ ನಾನೂ ಹೆಂಡತಿಯೂ ಹೋಗಿದ್ದೆವು. ಬಾಗಿಲಿಗೆ ಮಾವಿನ ತೋರಣ, ಒಳಗೆ ಹೊಸ ಬಣ್ಣ, ಗಿರಾಕಿಗಳು ಆಗಲೇ ಪಂಪು ಹೊತ್ತು ನಿಂತಿದ್ದರು. ಅವನೇ ಮುಂದೆ ನಿಂತು ನನಗೆ ಬಡಿಸಿದ. ತಿರುಗಿ ಬರುವಾಗ ಬಸ್ಸಿನಲ್ಲಿ ಹೆಂಡತಿ ಮೆಲ್ಲಗೆ ಕೇಳಿದಳು: "ಹೊಟ್ಟಿ ತಣ್ಣಗಾತೇನ್ರಿ ಈಗರ?"

"ಊಟ ಛಲೋ ಇತ್ತ," ಅಂದೆ.

ಅವಳು ನಕ್ಕು, ಮುಖ ತಿರುಗಿಸಿ ಹೊರಗೆ ನೋಡತೊಡಗಿದಳು.