ಅಪ್ಪನನ್ನು ಕರೆತರಲು ಹೋದ ಅಕ್ಕ

ಮೊನ್ನೆ ಠಾಣೆಯ ವರ್ತಕ ನಗರದ ನಮ್ಮ ಸೊಸೈಟಿಯ ಗೇಟಿನ ಬಳಿ ಒಬ್ಬ ಹೊಲಿಗೆ ಯಂತ್ರ ರಿಪೇರಿ ಮಾಡುತ್ತ ಕೂತಿದ್ದ. ಬಿಚ್ಚಿಟ್ಟ ಯಂತ್ರದಿಂದ ಹಳೆಯ ಎಣ್ಣೆಯ ವಾಸನೆ ಬಂತು. ತರಕಾರಿ ಚೀಲ ಹಿಡಿದು ಹಾಗೇ ನಿಂತುಬಿಟ್ಟೆ... ಎಪ್ಪತ್ತರ ದಶಕದ ಕೊನೆಯ ಡೊಂಬಿವಲಿ, ನಮ್ಮ ಚಾಳು, ಪಕ್ಕದ ಕೋಣೆಯಲ್ಲಿ ಬ್ಲೌಸು ಹೊಲಿಯುತ್ತಿದ್ದ ಅಕ್ಕ.

ಅವರು ಉಡುಪಿ ಕಡೆಯವರು. ಗಂಡ ಹೋಟೆಲಿನಲ್ಲಿ, ಮಗಳು ಇನ್ನೂ ತೊಟ್ಟಿಲಲ್ಲಿ. ನಾವು ಧಾರವಾಡದವರು. ಅವ್ವ ತೀರಿಕೊಂಡ ಮೇಲೆ ಮನೆಯಲ್ಲಿ ಉಳಿದದ್ದು ನಾನು ಮತ್ತು ಅಪ್ಪ. ಅಪ್ಪ ಕೆಮಿಕಲ್ ಕಾರ್ಖಾನೆಯ ಬೆಳಗಿನ ಪಾಳಿ ಮುಗಿಸಿ, ಕುಡಿದು, ಮಧ್ಯಾಹ್ನವೇ ಸ್ಟೇಷನ್ನಿನ ಮೆಟ್ಟಿಲ ಮೇಲೆ ಬಿದ್ದಿರುತ್ತಿದ್ದ. ನಾನು ಹೋಗಿ ಎಬ್ಬಿಸಿ ತರುತ್ತಿದ್ದೆ. ಕ್ಲಾಸಿನ ಹುಡುಗಿಯರು ಎದುರಾದರೆ ಓಢಣಿಯಲ್ಲಿ ಮುಖ ಮುಚ್ಚಿಕೊಳ್ಳುತ್ತಿದ್ದೆ. ಅಕ್ಕ ಒಮ್ಮೆ ಅದನ್ನು ನೋಡಿದರು.

"ಮುಖ ಎಂತಕ್ಕೆ ಮುಚ್ಚುದು? ಬಿದ್ದದ್ದು ಅವರು, ನೀನಲ್ಲ."

ಅಪ್ಪ ನನ್ನ ಮರಾಠಿ ಪುಸ್ತಕ ಹರಿದು ಎಸೆದ ದಿನದಿಂದ ನನ್ನ ಪುಸ್ತಕಗಳೆಲ್ಲ ಅವರ ಕೋಣೆಯಲ್ಲೇ ಇದ್ದವು. ಯಂತ್ರದ ಸದ್ದಿನಲ್ಲೇ ಓದುವುದು ರೂಢಿಯಾಯಿತು.

ಹತ್ತನೆಯ ತರಗತಿಯ ಗಣಿತ ಪರೀಕ್ಷೆಯ ಹಿಂದಿನ ದಿನ ಯಾರೋ ಕೆಳಗಿನಿಂದ ಕೂಗಿದರು: "ತುಝೇ ಬಾಬಾ ಪಡಲೇತ ಜಿನ್ಯಾವರ!" ಅಪ್ಪ ಮತ್ತೆ ಮೆಟ್ಟಿಲ ಮೇಲೆ ಬಿದ್ದಿದ್ದ. ನಾನು ಎದ್ದೆ. ಅಕ್ಕ ನನ್ನ ಭುಜ ಒತ್ತಿ ಕೂರಿಸಿದರು.

"ನಾಳೆ ಪರೀಕ್ಷೆ ಉಂಟಲ್ಲ. ನೀನು ಮಗುವನ್ನು ನೋಡ್ಕೋ, ಓದು. ನಾನು ಹೋಗಿ ಬರ್ತೇನೆ."

ಗಂಟೆ ಕಳೆದ ಮೇಲೆ ಅಪ್ಪನೊಬ್ಬನೇ ಗೋಡೆ ಹಿಡಿದುಕೊಂಡು ಬಂದು ಮಲಗಿದ. ಅಕ್ಕ ಬಂದದ್ದು ಸಂಜೆಗೆ. ಬಲಗೈಗೆ ಪ್ಲಾಸ್ಟರ್ ಹಾಕಿತ್ತು.

"ಗಟಾರದ ಕಲ್ಲಿಗೆ ಎಡವಿದೆ ಮಾರಾಯ್ತಿ. ಲೆಕ್ಕ ಎಲ್ಲಿವರೆಗೆ ಬಂತು?"

ನಂಬಿದೆ. ನಂಬುವುದೇ ನನಗೆ ಬೇಕಾಗಿತ್ತೇನೋ...

ಪರೀಕ್ಷೆ ಪಾಸಾದೆ. ಅಕ್ಕನ ಮಣಿಕಟ್ಟು ಸೊಟ್ಟಗೆ ಕೂಡಿಕೊಂಡಿತು. ಕತ್ತರಿ ಹಿಡಿದರೆ ಬೆರಳು ನಡುಗುತ್ತಿತ್ತು. ಒಂದೆರಡು ಬ್ಲೌಸು ಕೆಟ್ಟವು, ಬರುವವರು ಕಡಿಮೆಯಾದರು, ಕೊನೆಗೆ ಯಂತ್ರವನ್ನು ಯಾರಿಗೋ ಕೊಟ್ಟುಬಿಟ್ಟರು. ಮುಂದೆ ಅವರು ಠಾಣೆಯ ನೌಪಾಡಾಕ್ಕೆ ಹೋದರು. ನಾನು ಶಾಲೆಯೊಂದರಲ್ಲಿ ಟೀಚರ್ ಆದೆ.

ಅಪ್ಪನ ಲಿವರ್ ಕೈಕೊಟ್ಟಾಗ ಕಲ್ಯಾಣದ ಆಸ್ಪತ್ರೆಗೆ ಸೇರಿಸಿದ್ದೆ. ಹೊಟ್ಟೆ ಊದಿತ್ತು, ಕಣ್ಣು ಅರಿಸಿನವಾಗಿತ್ತು. ಒಂದು ಬೆಳಿಗ್ಗೆ ಗಂಜಿ ಕುಡಿಸುವಾಗ ನನ್ನ ಕೈ ತಡೆದ.

"ಆ ಬಾಜೂ ಮನಿ ಅಕ್ಕಾರು... ಅವ್ರನ್ನ ನಾನ ದೂಡಿದ್ದೆ, ಮೆಟ್ಲ ಮ್ಯಾಲಿಂದ. 'ಅಕಿ ಪರೀಕ್ಷಾ ಕೆಡ್ತದ, ಅಕಿಗೆ ಹೇಳಬ್ಯಾಡ್ರಿ' ಅಂದ್ರು."

ಮೂರನೆಯ ದಿನ ಹೋದ. ನಾನು ಅಳಲಿಲ್ಲ.

ಅಕ್ಕನ ವಿಳಾಸ ನನ್ನಲ್ಲಿತ್ತು. ಯಾವ ಮುಖ ಹೊತ್ತು ಹೋಗಲಿ ಎಂದುಕೊಂಡೇ ವರ್ಷಗಳು ಉರುಳಿದವು. ಠಾಣೆಯಲ್ಲೇ ಮನೆ ಮಾಡಿದ ಮೇಲೂ ಹೋಗಲಿಲ್ಲ.

ನಿನ್ನೆ ಹೋದೆ. ಅಂದು ತೊಟ್ಟಿಲಲ್ಲಿದ್ದ ಮಗಳೇ ಬಾಗಿಲು ತೆರೆದಳು. ಗುರುತು ಹೇಳಿಕೊಂಡೆ.

"ಅಮ್ಮ ತೋ ಗಯೀ, ಆಂಟಿ. ದೋ ಸಾಲ್ ಹೋ ಗಯೇ."

ಅಕ್ಕ ತೀರಿಕೊಂಡು ಎರಡು ವರ್ಷವಾಗಿತ್ತು. ಅವರ ಕೈಯ ಬಗ್ಗೆ ಕೇಳಿದೆ.

"ಗಟಾರ್ ಕೇ ಪಾಸ್ ಗಿರೀ ಥೀ ನಾ? ಹಮೇಶಾ ಯಹೀ ಬೋಲ್ತೀ ಥೀ."

ಮಗಳಿಗೂ ಅಕ್ಕ ಗಟಾರದ ಬಳಿ ಬಿದ್ದೆನೆಂದೇ ಹೇಳುತ್ತ ಬಂದಿದ್ದರು. ನಿಂತಲ್ಲೇ ಎಲ್ಲ ಹೇಳಿದೆ. ಅವಳಿಗೆ ಕನ್ನಡ ಅರ್ಥವಾಗುತ್ತಿತ್ತು. ಒಳಗೆ ಬನ್ನಿ ಎನ್ನಲಿಲ್ಲ, ಬಾಗಿಲನ್ನೂ ಮುಚ್ಚಲಿಲ್ಲ. ನಾನೇ ಹೊರಟು ಬಂದೆ.