ಅಳಿಸಿದ ನಾಲ್ಕು ಅಂಕಿಗಳು

ನನ್ನ ಸೋದರಮಾವನಿಗೆ 'ಸುಮಾರು' ಎಂಬ ಮಾತು ಕೇಳಿದರೆ ಮೈ ಉರಿಯುತ್ತಿತ್ತು. "ಬಸ್ಸು ಸುಮಾರು ಹತ್ತಕ್ಕೆ ಬರುತ್ತೆ" ಎಂದು ಯಾರಾದರೂ ಬಾಯಿ ಬಿಟ್ಟರೆ ಮುಗಿಯಿತು. "ಸುಮಾರು ಅಂದ್ರೆ ಎಷ್ಟು? ಒಂಬತ್ತು ಐವತ್ತಾ, ಹತ್ತು ಹತ್ತಾ?" ಎಂದು ಜೀವ ತಿನ್ನುತ್ತಿದ್ದ. ಚಹಾಕ್ಕೆ ಸಕ್ಕರೆ ಹಾಕುವಾಗ ಚಮಚದ ಮೇಲೆ ಗುಡ್ಡೆಯಾಗಿದ್ದುದನ್ನು ಚಾಕುವಿನಿಂದ ಸವರಿ ಡಬ್ಬಿಗೇ ಬೀಳಿಸುತ್ತಿದ್ದ. ನನ್ನ ಪ್ರತಿ ಹುಟ್ಟುಹಬ್ಬಕ್ಕೂ ಬಾಗಿಲ ಚೌಕಟ್ಟಿಗೆ ನನ್ನನ್ನು ನಿಲ್ಲಿಸಿ ಎತ್ತರ ಗುರುತು ಹಾಕುತ್ತಿದ್ದ. ಹಿಮ್ಮಡಿ ಒಂದು ಕೂದಲೆಳೆ ಎದ್ದರೂ ಮೊದಲಿಂದ ಶುರು. ಅಳೆದೂ ಸುರಿದೂ ಅವನು ಮದುವೆಯನ್ನೂ ಆಗಲಿಲ್ಲ. ಬೀದಿಯವರೆಲ್ಲ ಅವನನ್ನು ಅಳತೆಮಾವ ಎನ್ನುತ್ತಿದ್ದರು, ಅವನೂ ಅದಕ್ಕೆ ಓಗೊಡುತ್ತಿದ್ದ.

ಅವನ ಕೆಲಸವೂ ಅಳತೆಯದೇ. ಸಮುದ್ರದ ನಡುವೆ ಗಾಳಿಯಂತ್ರಗಳನ್ನು ನಿಲ್ಲಿಸಿ ಕರೆಂಟು ತೆಗೆಯುವ ಕಂಪನಿಗೆ, ಅಲ್ಲಿ ಎಷ್ಟು ಗಾಳಿ ಬೀಸುತ್ತದೆ, ಎಷ್ಟೆತ್ತರದ ಅಲೆ ಏಳುತ್ತದೆ ಎಂದು ಹೇಳಬೇಕಿತ್ತು. ಅಲೆ ಅಳೆಯಲು ಹಳದಿ ಬಣ್ಣದ ದೊಡ್ಡ ಗೋಳವೊಂದನ್ನು ಸರಪಳಿ ಕಟ್ಟಿ ನೀರಿಗೆ ಬಿಟ್ಟಿದ್ದರು. ಆಫೀಸಿನವರು ಅದನ್ನು 'ಗುಂಡ' ಎಂದು ಕರೆಯುತ್ತಿದ್ದರು. ಗುಂಡ ಅಲೆಯ ಜೊತೆ ಏರಿಳಿದು ಅರ್ಧ ಗಂಟೆಗೊಂದು ಅಂಕಿ ಕಳಿಸುತ್ತಿದ್ದ. ಮಾವ ಎರಡನೇ ಮಹಡಿಯಲ್ಲಿ, ತೆರೆಯಲು ಬಾರದ ಕಿಟಕಿಯ ಪಕ್ಕ ಕೂತು ಅವನ್ನು ಸೋಸುತ್ತಿದ್ದ. ಸಮುದ್ರ ಅಳೆಯುವವನ ಕಿಟಕಿಯಿಂದ ಕಾಣುತ್ತಿದ್ದದ್ದು ಸ್ಕೂಟರ್ ನಿಲ್ಲಿಸುವ ಜಾಗ.

ಸೋಸುವುದಕ್ಕೂ ಒಂದು ನಿಯಮವಿತ್ತು. ಯಾವುದಾದರೂ ಅಂಕಿ ಹಿಂದಿನದಕ್ಕಿಂತ ತೀರಾ ಮೇಲೆ ನೆಗೆದರೆ ಕಂಪ್ಯೂಟರು ಅದನ್ನು ಕೆಂಪು ಮಾಡುತ್ತಿತ್ತು. ಅದು ಗುಂಡನ ತಪ್ಪೋ, ನಿಜವಾದ ಅಲೆಯೋ ಎಂದು ಮನುಷ್ಯ ನಿರ್ಧರಿಸಬೇಕು. ಅಳಿಸುವುದಾದರೆ ಒಂದು ಗುಂಡಿ ಒತ್ತಿದರೆ ಸಾಕು. ಉಳಿಸುವುದಾದರೆ ಮೂರು ಪುಟದ ನಮೂನೆ ತುಂಬಿ, ಗಾಳಿಯ ವೇಗ, ವಾಯುಭಾರ, ಆ ದಿನ ಹತ್ತಿರ ಹಾದ ಹಡಗಿನವರ ಮಾತು ಎಲ್ಲ ಸೇರಿಸಿ ಕಾರಣ ಬರೆಯಬೇಕು. ಇಂಥ ನಿಯಮ ಮಾಡಿದ ಪುಣ್ಯಾತ್ಮ ಯಾರೋ ನನಗೆ ಗೊತ್ತಿಲ್ಲ. ಎಂದಾದರೂ ಸಿಕ್ಕರೆ ನಾಲ್ಕು ಮಾತು ಕೇಳಬೇಕೆಂದಿದ್ದೇನೆ.

ಒಂದು ಶುಕ್ರವಾರ ಸಂಜೆ ನಾಲ್ಕು ಅಂಕಿಗಳು ಕೆಂಪಾದವು. ಹಿಂದಿನ ವಾರವಷ್ಟೇ ಯಾವುದೋ ದೋಣಿ ತಾಗಿ ಗುಂಡ ತಪ್ಪು ಲೆಕ್ಕ ಕಳಿಸಿದ್ದ. ಆದರೆ ಆ ಹೊತ್ತಿನಲ್ಲಿ ವಾಯುಭಾರ ಕುಸಿದಿತ್ತು, ಗಾಳಿಯೂ ಎದ್ದಿತ್ತು. ಅಲೆ ನಿಜವೆಂದು ಮಾವನಿಗೆ ಗೊತ್ತಾಗಿತ್ತು. ಸಾಹೇಬರನ್ನು ಕೇಳಿದ. ಅವರು ಬ್ಯಾಗು ಹೆಗಲಿಗೇರಿಸುತ್ತ, "ಉಳಿಸೋದಾದ್ರೆ ಉಳಿಸಿ, ನಂದೇನಿಲ್ಲ. ಕಾರಣ ಬರೆದುಕೊಡಿ, ಸಹಿ ಹಾಕ್ತೀನಿ" ಎಂದರು. ಮಾವ ಬರೆಯಲು ಕೂತ. ಕೆಳಗೆ ಆಫೀಸಿನ ಬಸ್ಸು ಹಾರ್ನ್ ಹೊಡೆಯಿತು. ಅದು ತಪ್ಪಿದರೆ ಎರಡು ಬಸ್ಸು ಬದಲಿಸಿ ಮನೆ ಸೇರಬೇಕು. ಮಾವ ಗುಂಡಿ ಒತ್ತಿದ, ಬಸ್ಸು ಹತ್ತಿದ.

ಪ್ರತಿ ಗಾಳಿಯಂತ್ರದ ಕಂಬಕ್ಕೂ ಕೆಲಸಗಾರರು ನಿಲ್ಲಲು ಕಬ್ಬಿಣದ ಒಂದು ಅಟ್ಟವಿರುತ್ತದೆ. ಅತಿ ದೊಡ್ಡ ಅಲೆಗೂ ಎಟುಕದಷ್ಟು ಎತ್ತರದಲ್ಲಿ ಅದನ್ನು ಕಟ್ಟುತ್ತಾರೆ. ಮಾವ ಸೋಸಿ ಕೊಟ್ಟ ಲೆಕ್ಕದ ಮೇಲೆ ಅಟ್ಟವನ್ನು ಹದಿನಾಲ್ಕು ಮೀಟರಿಗೆ ಕಟ್ಟಿದರು. ಆ ನಾಲ್ಕು ಅಂಕಿ ಇದ್ದಿದ್ದರೆ ಹದಿನೈದೂವರೆಗೆ ಕಟ್ಟುತ್ತಿದ್ದರು.

ಎರಡು ವರ್ಷದ ನಂತರ ನನ್ನ ಅಪ್ಪನಿಗೆ ಅಲ್ಲೇ ಕೆಲಸ ಸಿಕ್ಕಿತು. ಕೊಡಿಸಿದವನೂ ಮಾವನೇ. ಬಂದರಿನಲ್ಲಿ ವೆಲ್ಡಿಂಗ್ ಮಾಡುತ್ತಿದ್ದ ಅಪ್ಪ ಇನ್ನು ಮೇಲೆ ಕಂಬಗಳ ಬೋಲ್ಟು ಬಿಗಿಮಾಡಬೇಕಿತ್ತು. ಅಮ್ಮನಿಗೆ ಮನಸ್ಸಿರಲಿಲ್ಲ. ಅಡುಗೆಮನೆಯಲ್ಲಿ ಪಾತ್ರೆ ಒರೆಸುತ್ತ ಕೇಳಿದಳು.

"ಅಣ್ಣಾ, ನಿಜ ಹೇಳು. ಅಲ್ಲಿ ಅಲೆ ಮೇಲಕ್ಕೆ ಬರುತ್ತಾ?"

"ಅಟ್ಟಕ್ಕೆ ನೀರು ಬರಲ್ಲ ಕಣೇ. ಅಳೆದವನು ನಾನು. ಸಾಲದಾ?"

ನಾನು ಅಲ್ಲೇ ಕೂತು ತರಕಾರಿ ಹೆಚ್ಚುತ್ತಿದ್ದೆ. ಅವನ ದನಿ ಹುಲ್ಲುಕಡ್ಡಿಯಷ್ಟೂ ಅಲುಗಲಿಲ್ಲ. ಇವತ್ತಿಗೂ ನನಗೆ ಸಹಿಸಲಾಗದ್ದು ಅದು. ಗುಂಡಿ ಒತ್ತಿದ್ದನ್ನು ಬೇಕಾದರೆ ಮರೆಯಬಹುದು, ಯಾರಿಗೆ ತಾನೇ ಮನೆ ಸೇರುವ ಆತುರವಿಲ್ಲ? ಆದರೆ ಆ ಅಡುಗೆಮನೆಯಲ್ಲಿ ಬಾಯಿ ಬಿಡಲು ಅವನಿಗೆ ಯಾವ ನಮೂನೆಯನ್ನೂ ತುಂಬಬೇಕಿರಲಿಲ್ಲ.

ಅಪ್ಪ ಆ ಕೆಲಸದಲ್ಲಿ ಹತ್ತೊಂಬತ್ತು ತಿಂಗಳಿದ್ದ. ಒಂದು ಮಧ್ಯಾಹ್ನ, ಸಂಜೆಗೆ ಬರಬೇಕಿದ್ದ ಬಿರುಗಾಳಿ ಮೊದಲೇ ಬಂತು. ಕರೆದೊಯ್ಯಬೇಕಿದ್ದ ದೋಣಿ ಕಂಬದ ಹತ್ತಿರ ಸುಳಿಯಲಾಗದೆ, ಅಟ್ಟದ ಮೇಲೆಯೇ ಇರಿ ಎಂದು ಹೇಳಿ ದೂರ ಸರಿಯಿತು. ಮೂವರಿದ್ದರು. ಇಬ್ಬರು ಕಂಬದೊಳಗಿನ ಏಣಿ ಹತ್ತಿದರು. ಅಪ್ಪ ಹೊರಗೆ ನಿಂತು ಉಪಕರಣದ ಪೆಟ್ಟಿಗೆಗೆ ಹಗ್ಗ ಬಿಗಿಯುತ್ತಿದ್ದ.

ಆಮೇಲೆ ನಮ್ಮ ಮನೆಗೆ ಬಂದ ಅವನ ಜೊತೆಗಾರ ತಲೆ ತಗ್ಗಿಸಿಕೊಂಡೇ ಹೇಳಿದ. "ಎರಡು ಸಲ ಕರೆದೆ ಅಕ್ಕಾ. ನಕ್ಕುಬಿಟ್ಟ. 'ಹೆದರುಪುಕ್ಕಲರಾ, ಇಲ್ಲಿಗೆ ನೀರು ಬರಲ್ಲ, ನಮ್ಮ ಭಾವ ಅಳೆದಿದ್ದಾರೆ' ಅಂದ."

ಅಪ್ಪನ ದೇಹ ನಾಲ್ಕನೆಯ ದಿನ ಸಿಕ್ಕಿತು. ವಿಚಾರಣೆಯವರು ಎಲ್ಲವೂ ನಿಯಮದ ಪ್ರಕಾರವೇ ಇತ್ತು ಎಂದು ಬರೆದರು. ಸುಳ್ಳೇನಲ್ಲ, ಇತ್ತು.

ಅಪ್ಪನನ್ನು ಕೊಂಡೊಯ್ದ ಅಲೆಯನ್ನೂ ಗುಂಡ ಅಳೆದಿದ್ದ. ಮಾವ ಆಫೀಸಿಗೆ ಮರಳಿದ ದಿನ ಅದು ಪರದೆಯ ಮೇಲೆ ಕೆಂಪಾಗಿ ಕಾದಿತ್ತು. ಅಳಿಸಲೋ, ಉಳಿಸಲೋ ಎಂದು ಕಂಪ್ಯೂಟರು ಕೇಳುತ್ತಿತ್ತು. ಮಾವ ಈ ಸಲ ಬಸ್ಸಿನ ಹಾರ್ನ್‌ಗೆ ಏಳಲಿಲ್ಲ. ಮೂರು ಪುಟವನ್ನೂ ತುಂಬಿದ. ಸಾಹೇಬರು ಒಂದು ಪ್ರಶ್ನೆಯನ್ನೂ ಕೇಳದೆ ಸಹಿ ಹಾಕಿದರು. ಇನ್ನು ಮುಂದೆ ಕಟ್ಟುವ ಅಟ್ಟಗಳನ್ನೆಲ್ಲ ಒಂದೂವರೆ ಮೀಟರ್ ಎತ್ತರಿಸಬೇಕೆಂದು ತಿಂಗಳೊಳಗೆ ಆದೇಶವೂ ಬಂತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ.

ಆ ನಮೂನೆಯ ಪ್ರತಿಯನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟುಕೊಂಡು ಮಾವ ನಮ್ಮ ಮನೆಗೆ ಬಂದ. ಕುರ್ಚಿಯ ತುದಿಯಲ್ಲಿ ಕೂತು ಆ ಶುಕ್ರವಾರದ ಕಥೆಯನ್ನು ಮೊದಲ ಬಾರಿಗೆ ಹೇಳಿದ. ನಾಲ್ಕು ಅಂಕಿ, ಸಾಹೇಬರು, ಬಸ್ಸು, ಒಂದನ್ನೂ ಬಿಡಲಿಲ್ಲ. ಕೊನೆಗೆ ಕವರನ್ನು ಅಮ್ಮನ ಕಡೆ ಸರಿಸಿದ.

"ಇನ್ನು ಯಾರಿಗೂ ಹೀಗಾಗಲ್ಲ ಕಣೇ. ಈ ಸಲ ಪೂರ್ತಿ ಬರೆದೆ."

ಅಮ್ಮ ಅಳುತ್ತಾಳೆಂದುಕೊಂಡೆ, ಅಳಲಿಲ್ಲ. ಹಾಳೆಗಳನ್ನು ಹೊರತೆಗೆದು, ಓದದೆ, ಬೆರಳು ತೇವ ಮಾಡಿಕೊಂಡು ಒಂದೊಂದಾಗಿ ಎಣಿಸಿದಳು. ಮೂರು.

"ಬರೆಯೋಕೆ ಎಷ್ಟು ಹೊತ್ತಾಯ್ತು?"

"ಎರಡು ಗಂಟೆ ಹತ್ತು ನಿಮಿಷ."

ಅಮ್ಮ ಹಾಳೆಗಳನ್ನು ಮತ್ತೆ ಕವರಿಗೆ ತುರುಕಿದಳು.

"ಆವತ್ತು ಶುಕ್ರವಾರ ಎಷ್ಟು ಪುಟ ಬರೆದಿದ್ದೆ ಅಣ್ಣಾ?"

ಮಾವ ಬಾಗಿಲ ಚೌಕಟ್ಟಿನ ಕಡೆ ನೋಡಿದ. ನನ್ನ ಎತ್ತರದ ಗುರುತುಗಳು ಅಲ್ಲಿ ಹಾಗೇ ಇದ್ದವು, ಪ್ರತಿಯೊಂದರ ಪಕ್ಕದಲ್ಲೂ ಅವನ ಕೈಬರಹದ ಅಂಕಿ.

"ಸುಮಾರು ಒಂದೂವರೆ" ಎಂದ.