ಅತ್ತೆ ಬಿಟ್ಟ ಗುಳಿಗೆ

ಅಂಕಲಿಯಲ್ಲಿ ನನ್ನದೊಂದು ಸಣ್ಣ ಔಷಧಿ ಅಂಗಡಿ ಇದೆ. ಮದುವೆಯಾಗಿ ಬಂದ ವರ್ಷವೇ ಹಠ ಹಿಡಿದು ಅದನ್ನು ತೆರೆಸಿದವರು ನನ್ನ ಅತ್ತೆ. ಸೊಸೆ ಓದಿದ್ದು ಒಲೆಯ ಮುಂದೆ ಸುಟ್ಟು ಹೋಗಬಾರದು ಎಂಬುದು ಅವರ ವಾದ. ಡಾಕ್ಟರ ಚೀಟಿ ಇಲ್ಲದೆ ನಿದ್ದೆಯ ಗುಳಿಗೆ ಕೊಡುವುದಿಲ್ಲವೆಂದು ನಾನು ಊರಲ್ಲಿ ಜಗಳಗಂಟಿ ಎನಿಸಿಕೊಂಡಿದ್ದೆ. ಅಂಥ ನನ್ನ ಮನೆಯಲ್ಲೇ ಎರಡು ವರ್ಷ ಅದು ನಡೆದಿತ್ತು, ನನಗೆ ಗೊತ್ತಿಲ್ಲದೆ.

ಮಾವ ತೀರಿಕೊಂಡ ಹೊಸದರಲ್ಲಿ ಅತ್ತೆಗೆ ಎದೆ ಹೊಡೆದುಕೊಳ್ಳುತ್ತಿತ್ತು, ನಿದ್ದೆ ಹತ್ತುತ್ತಿರಲಿಲ್ಲ. ಚಿಕ್ಕೋಡಿಯ ಡಾಕ್ಟರು ಹತ್ತೇ ದಿನಕ್ಕೆಂದು ಒಂದು ಸಣ್ಣ ಗುಳಿಗೆ ಬರೆದುಕೊಟ್ಟರು. ಅದರಿಂದ ಉಪಕಾರವೂ ಆಯಿತು. ಅತ್ತೆ ಮಲಗಿದರು, ಎರಡು ರೊಟ್ಟಿ ಉಂಡರು, ಎದ್ದು ಎಮ್ಮೆಯ ಹಟ್ಟಿಗೆ ಹೋಗುವಂತಾದರು. ಅಲ್ಲಿಗೆ ಮುಗಿಯಿತೆಂದು ನಾನು ತಿಳಿದೆ.

ಮುಗಿದಿರಲಿಲ್ಲ. ರಾಯಬಾಗಕ್ಕೆ ಮಗಳ ಮನೆಗೆ ಹೋದಾಗಲೆಲ್ಲ ಅಲ್ಲಿನ ಒಂದು ಔಷಧಿ ಅಂಗಡಿಯಲ್ಲಿ ಗುಳಿಗೆಯ ಖಾಲಿ ಪಟ್ಟಿ ತೋರಿಸಿ ಹೊಸದನ್ನು ತರುತ್ತಿದ್ದರು. ಒಂದಕ್ಕೆ ನಿದ್ದೆ ಬಾರದಾದಾಗ ಎರಡು ನುಂಗಿದರು, ಆಮೇಲೆ ಮೂರು.

ನನಗೆ ಕಂಡದ್ದು ಬೇರೆ. ಎಮ್ಮೆ ಹಿಂಡುತ್ತಲೇ ತೂಕಡಿಸುವರು, ಬೇಳೆಗೆ ಎರಡು ಸಲ ಉಪ್ಪು ಹಾಕುವರು. ವಯಸ್ಸಾಯಿತು ಅಂದುಕೊಂಡೆ. ಒಂದು ಮಧ್ಯಾಹ್ನ ಹಟ್ಟಿಯ ಬಾಗಿಲಲ್ಲಿ ಎಡವಿ ಬಿದ್ದು ಮೊಣಕಾಲು ಬಾತಿತು. ದವಾಖಾನೆಗೆ ಹೊರಡಿಸಲು ಒಳ್ಳೆಯ ಸೀರೆ ತೆಗೆಯ ಹೋದರೆ ಟ್ರಂಕಿನ ತಳದಲ್ಲಿ ಖಾಲಿ ಪಟ್ಟಿಗಳ ಕಟ್ಟು.

ಅವರ ಮುಂದೆ ಇಟ್ಟೆ. ಅತ್ತೆ ಹೇಳಿದರು: "ನಿನ್ನ ಅಂಗಡ್ಯಾಗ ಕೇಳಿದ್ರ ನೀ ಕೊಡೂದಿಲ್ಲ ಅಂತ ಗೊತ್ತಿತ್ತು ಯವ್ವಾ. ಅದಕ್ಕ ಕೇಳಲಿಲ್ಲ."

ಉಳಿದ ಗುಳಿಗೆಗಳನ್ನೆಲ್ಲ ನನ್ನ ಕೈಗೆ ಹಾಕಿ, ಇನ್ನು ಮುಟ್ಟುವುದಿಲ್ಲ ಅಂದರು. ನಾನು ಖುಷಿಪಟ್ಟೆ. ಅದು ನನ್ನ ತಪ್ಪು. ಮೂರನೆಯ ದಿನ ಅವರಿಗೆ ಚಹಾದ ಕಪ್ಪುಬಸಿ ಹಿಡಿಯಲಾಗಲಿಲ್ಲ, ಅಷ್ಟು ಕೈ ನಡುಗುತ್ತಿತ್ತು. ಮೈಯೆಲ್ಲ ಬೆವರು, ಪಾತ್ರೆ ಸಪ್ಪಳವಾದರೂ ಬೆಚ್ಚಿಬೀಳುವರು. ಚಿಕ್ಕೋಡಿಗೆ ಓಡಿದೆವು. ಡಾಕ್ಟರು ಅತ್ತೆಗಿಂತ ನನ್ನನ್ನೇ ಹೆಚ್ಚು ಬೈದರು. ಬಹಳ ದಿನ ತಿಂದ ಈ ಗುಳಿಗೆಯನ್ನು ಒಮ್ಮೆಲೆ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಜೀವಕ್ಕೂ ಕುತ್ತು, ಅಂಗಡಿ ನಡೆಸುವವಳಿಗೆ ಇಷ್ಟು ಗೊತ್ತಿರಬೇಡವೇ ಎಂದರು. ಓದಿದ್ದೆ, ಮನೆಯವರ ವಿಷಯದಲ್ಲಿ ನೆನಪಾಗಲಿಲ್ಲ.

ಕೆಲವು ವಾರಕ್ಕೊಮ್ಮೆ ಸ್ವಲ್ಪ ಸ್ವಲ್ಪ ಕಡಿಮೆ ಮಾಡುವಂತೆ ಡಾಕ್ಟರೇ ಬರೆದುಕೊಟ್ಟರು. ಅತ್ತೆ ತಮ್ಮ ಅಡಕತ್ತರಿಯನ್ನು ತೊಳೆದು ಒರೆಸಿ, ಗುಳಿಗೆಯನ್ನು ಅದರಲ್ಲೇ ಅರ್ಧ ಮಾಡುತ್ತಿದ್ದರು. ಕೆಟ್ಟ ದಿನಗಳೂ ಇದ್ದವು. ಎರಡು ಸಲ ಇನ್ನೊಂದು ಚೂರು ಕೊಡು ಅಂದರು. ನಾನು ಕೊಡಲಿಲ್ಲ. ಸಿಟ್ಟು ಬಂದು ನನ್ನ ಜೊತೆ ಮಾತು ಬಿಟ್ಟು, ಹಟ್ಟಿಯನ್ನೆಲ್ಲ ಬಳಿದು ತೊಳೆದರು. ಎಂಟು ತಿಂಗಳು ಹಿಡಿಯಿತು. ಅರ್ಧ ಹೋಗಿ ಕಾಲು, ಕಾಲು ಹೋಗಿ ಏನೂ ಇಲ್ಲ.

ಆಮೇಲೆ ನಮ್ಮ ಅಂಗಳದಲ್ಲಿ ಹೆಂಗಸರ ಸಂಘ ಕೂಡಿದ್ದಾಗ, ಒಬ್ಬಾಕೆ ತನ್ನ ಅಕ್ಕನ ಸುದ್ದಿ ತೆಗೆದಳು. ನಿಪ್ಪಾಣಿಯಲ್ಲಿ ಬೀಡಿ ಕಟ್ಟುವ ಆ ಅಕ್ಕ ದಿನಾ ಇಂಥದೇ ಗುಳಿಗೆ ನುಂಗಿ ಆರಾಮಾಗಿ ಮಲಗುತ್ತಾಳಂತೆ. ಅತ್ತೆ ಎದ್ದು ನಿಂತರು. ನಾನು ಅವರ ಗುಟ್ಟನ್ನು ನನ್ನ ತವರಿಗೂ ಹೇಳಿರಲಿಲ್ಲ.

"ನಾನೂ ಕದ್ದು ತಿಂದೇನಿ, ಖರೇ ಐತಿ," ಅಂದರು. "ಆದ್ರ ಬಿಟ್ಟಾಕಿನೂ ನಾನ. ನಿಮ್ಮಕ್ಕಗ ಹೇಳು, ಒಮ್ಮೆಲೇ ಬಿಡಬ್ಯಾಡ, ಡಾಕ್ಟರ್ ಹೇಳಿದಂಗ ಬಿಡು ಅಂತ."

ಯಾರೂ ನಗಲಿಲ್ಲ. ಇವರು ನನ್ನ ಅತ್ತೆ ಎಂದು ಊರಿಗೆಲ್ಲ ಹೇಳಬೇಕೆನಿಸಿತು. ಮರುದಿನ ಬೆಳಿಗ್ಗೆ ಇಬ್ಬರು ಹೆಂಗಸರು ಸೆರಗಿನಲ್ಲಿ ಪಟ್ಟಿ ಮುಚ್ಚಿಕೊಂಡು ಅಂಗಡಿಗೆ ಬಂದರು. ನಾನು ಏನಾದರೂ ಹೇಳುವ ಮೊದಲೇ, ಒಳಗೆ ಕೂತಿದ್ದ ಅತ್ತೆ ಚಪ್ಪಲಿ ಮೆಟ್ಟಿ, ಅವರನ್ನು ಕರೆದುಕೊಂಡು ಚಿಕ್ಕೋಡಿಯ ಬಸ್ಸು ಹತ್ತಿದರು.